ದನ ಯಾರದು?

14 ಜೂನ್ 2024, ಶುಕ್ರವಾರ

ಸಂಜೆ ಫೋನಿನಲ್ಲಿ ಅತ್ತೆಗೆ ‘ದ ಮ್ಯಾನ್ ಫ್ರಂ ಔಟ್‌ಬ್ಯಾಕ್’ ನಾಟಕದ ವಿಷಯ ಹೇಳುತ್ತಿದ್ದೆ. 1909ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಕಿಂಗ್ಸ್ ಥಿಯೇಟರಿನಲ್ಲಿ ಆಡಿದ ಮೆಲೋಡ್ರಾಮಾ ಅದು. ದನಗಳ ದೊಡ್ಡ ಸ್ಟೇಷನ್ನು (ದನ ಸಾಕುವ ವಿಶಾಲ ಹುಲ್ಲುಗಾವಲಿಗೆ ಅಲ್ಲಿಯ ಹೆಸರು), ಅಲ್ಲಿಂದ ರಾಸು ಹೊಡೆದುಕೊಂಡು ಹೋಗುವ ಕಳ್ಳರು. ಬರೆದವರು ಬರ್ಟ್ ಬೈಲಿ ಮತ್ತು ಎಡ್ಮಂಡ್ ಡಗನ್ ಎಂಬ ಇಬ್ಬರು ನಟರು, ಹಾಕಿಕೊಂಡದ್ದು ‘ಆಲ್ಬರ್ಟ್ ಎಡ್ಮಂಡ್ಸ್’ ಎಂಬ ಒಂದೇ ಹೆಸರು. ಕಂಪನಿ ವಿಲಿಯಂ ಆಂಡರ್ಸನ್ನನದು. ಅವನ ಹೆಂಡತಿ, ಆ ಕಾಲದ ಹೆಸರಾಂತ ನಟಿ ಯೂಜೀನಿ, ಡಗನ್ನನ ತಂಗಿ. ಅತ್ತೆ ಇಷ್ಟನ್ನೂ ಸುಮ್ಮನೆ ಕೇಳಿಸಿಕೊಂಡು, “ಅದೆಲ್ಲ ಸರಿ ಕಣೋ, ದನ ಸ್ಟೇಜಿಗೆ ಬರ್ತಿದ್ವಾ? ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ಆನೆಯನ್ನೇ ತಂದಿದ್ದರು” ಎಂದರು.

ಪ್ರಶ್ನೆ ಆಗಿನಿಂದ ತಲೆಯಲ್ಲೇ ಕೂತಿದೆ. ಇದೇ ಜೋಡಿ 1907ರ ‘ದ ಸ್ಕ್ವಾಟರ್ಸ್ ಡಾಟರ್’ ನಾಟಕಕ್ಕೆ ಕುರಿಯ ಉಣ್ಣೆ ಕತ್ತರಿಸುವ ಶೆಡ್ಡನ್ನೇ ರಂಗಕ್ಕೆ ತಂದಿತ್ತು. ಆದರೆ ಸಾವಿರ ದನದ ಹಿಂಡನ್ನು ಯಾವ ರಂಗ ತಾಳೀತು? ಹಾಗೆ ನೋಡಿದರೆ ದನಗಳ್ಳತನದ ಜೀವಾಳ ಹಿಂಡಿನಲ್ಲಿಲ್ಲ, ಚರ್ಮದ ಮೇಲೆ ಒಡೆಯನ ಅಕ್ಷರ ಒತ್ತಿದ ಬರೆಯಲ್ಲಿದೆ. ತಾಯಿಯಿಂದ ಬೇರೆಯಾದ, ಬರೆ ಬೀಳದ ಕರುವಿಗೆ ಯಾರು ಮೊದಲು ಕಾದ ಕಬ್ಬಿಣ ಒತ್ತಿದರೋ ಅದು ಅವರದಾಗಿಬಿಡುತ್ತಿತ್ತು. ಬರೆ ಇರುವ ಹಸುವಾದರೆ ಹಳೆಯ ಅಕ್ಷರಕ್ಕೇ ಇನ್ನೊಂದು ಗೆರೆ ಎಳೆದು ಬೇರೆ ಅಕ್ಷರ ಮಾಡುತ್ತಿದ್ದರು.

ನಿಜವಾಗಿ ನಡೆದದ್ದು ನಾಟಕಕ್ಕಿಂತ ಸೊಗಸಾಗಿದೆ. 1870ರಲ್ಲಿ ಹ್ಯಾರಿ ರೆಡ್‌ಫರ್ಡ್ ಎಂಬುವನು ಕ್ವೀನ್ಸ್‌ಲ್ಯಾಂಡಿನ ಬೋವೆನ್ ಡೌನ್ಸ್ ಸ್ಟೇಷನ್ನಿನಿಂದ ಸುಮಾರು 1000 ದನಗಳನ್ನು ಕದ್ದು, ಒಂಬತ್ತು ವರ್ಷದ ಹಿಂದೆಯಷ್ಟೇ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಪ್ರಾಣಬಿಟ್ಟಿದ್ದ ಕೂಪರ್ಸ್ ಕ್ರೀಕಿನ ಸೀಮೆಯಲ್ಲಿ ಹಾಯಿಸಿ, ದಕ್ಷಿಣ ಆಸ್ಟ್ರೇಲಿಯಾಕ್ಕೆ ಒಯ್ದು ಮಾರಿದ. ಹಿಂಡಿನಲ್ಲಿದ್ದ ಒಂದು ಬಿಳಿಯ ಗೂಳಿ ಅವನನ್ನು ಹಿಡಿದುಕೊಟ್ಟಿತು. ಅದರ ಗುರುತು ಹಿಡಿದು, ಸಾಕ್ಷಿಗೆಂದು ರೋಮಾ ಊರಿನ ನ್ಯಾಯಾಲಯದವರೆಗೂ ತಂದರು. 1873ರ ವಿಚಾರಣೆಯಲ್ಲಿ ಜ್ಯೂರಿಯವರು ಅಂಥ ಸಾಕ್ಷಿಯನ್ನು ಕಣ್ಣಾರೆ ಕಂಡೂ ರೆಡ್‌ಫರ್ಡ್ ನಿರ್ದೋಷಿ ಎಂದುಬಿಟ್ಟರು. ಅಷ್ಟು ದೂರ, ಅಂಥ ನೆಲದಲ್ಲಿ, ಅಷ್ಟು ದನ ಹೊಡೆದುಕೊಂಡು ಹೋದವನ ಮೇಲೆ ಅವರಿಗೆ ಒಳಗೊಳಗೇ ಮೆಚ್ಚುಗೆಯಿತ್ತೇನೋ.

ಫೋನಿನಲ್ಲಿ ಇದನ್ನು ಹೇಳಿದಾಗ ಅತ್ತೆ ನಕ್ಕರು. ನನಗೆ ನಗು ಪೂರ್ತಿ ಬರಲಿಲ್ಲ. ರಂಗದ ಮೇಲಾಗಲಿ ಕೋರ್ಟಿನಲ್ಲಾಗಲಿ ಜಗಳವೆಲ್ಲ ದನ ಯಾರದೆಂದು. ಅದು ಮೇಯುವ ನೆಲ ಯಾರದೆಂದು ಕೇಳಿದವರಿಲ್ಲ. ಆ ನೆಲದ ಮೂಲನಿವಾಸಿಗಳೇ ಕುದುರೆಯೇರಿ ದನ ಕಾಯುತ್ತಿದ್ದರು, ಎಷ್ಟೋ ಕಡೆ ಕೂಲಿಯೆಂದರೆ ಹಿಟ್ಟು, ಸಕ್ಕರೆ, ಚಹಾಪುಡಿ. ಮೆಲೋಡ್ರಾಮಾಗಳಲ್ಲಿ ಅವರಿಗೆ ಸಿಕ್ಕ ಪಾತ್ರಗಳನ್ನು ಕೂಡ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರೇ ಆಡುತ್ತಿದ್ದರು. 1966ರಲ್ಲಿ ಉತ್ತರದ ವೇವ್ ಹಿಲ್ ಸ್ಟೇಷನ್ನಿನಲ್ಲಿ ಮುಂದಾಳು ವಿನ್ಸೆಂಟ್ ಲಿಂಗಿಯಾರಿಯ ಜೊತೆ ಗುರಿಂಜಿ ಎಂಬ ಮೂಲನಿವಾಸಿ ಜನ ಕೆಲಸ ಬಿಟ್ಟು ಹೊರನಡೆದು, ಕೂಲಿಯ ಜೊತೆಗೆ ನೆಲವನ್ನೂ ಕೇಳಿದ ಮೇಲೆ ಆ ಪ್ರಶ್ನೆ ದೇಶಕ್ಕೆಲ್ಲ ಕೇಳಿಸಿತು.

ಅಂದಹಾಗೆ ರೆಡ್‌ಫರ್ಡನ ಮುಂದಿನ ಕಥೆ ಹೇಳುವಷ್ಟರಲ್ಲಿ ಅತ್ತೆಗೆ ಊಟದ ಹೊತ್ತಾಗಿತ್ತು. ಅವನು ಉತ್ತರದ ಬ್ರೂನೆಟ್ ಡೌನ್ಸ್ ಎಂಬ ಭಾರಿ ಸ್ಟೇಷನ್ನಿಗೆ ಮ್ಯಾನೇಜರನಾದ! ದನಗಳ್ಳನ ಕೈಗೇ ದನದ ಲೆಕ್ಕ ಕೊಟ್ಟ ಧಣಿಗಳನ್ನು ಬೈಲಿ, ಡಗನ್ ಯಾವ ಅಂಕದಲ್ಲಿ ತರುತ್ತಿದ್ದರೋ, ಖಳನನ್ನು ಕೊನೆಗೆ ಪೊಲೀಸರಿಗೆ ಒಪ್ಪಿಸಲೇಬೇಕಾದ ನಾಟಕದಲ್ಲಿ ಇಂಥವನನ್ನು ಎಲ್ಲಿ ನಿಲ್ಲಿಸುವುದು…