ಸುವಾರ್ತೆಗೆ ತಕ್ಕ ಸಭಾ ಜೀವನ: ಮಂಡ್ಯದ ಕೆಲಸ ಎಲ್ಲಿಗೆ ಬಂದಿದೆ

ಮಂಡ್ಯದ ನಮ್ಮ ಚಿಕ್ಕ ಸಭೆಯಲ್ಲಿ ಈ ವರ್ಷ ಕೈಗೆತ್ತಿಕೊಂಡ ಕೆಲಸದ ಎರಡನೆಯ ವರದಿ ಇದು. ಕಟ್ಟಡದ ಕೆಲಸವಾಗಿದ್ದರೆ ಗೋಡೆ ಎಷ್ಟು ಎದ್ದಿದೆ ಎಂದು ಹೇಳಿ ಮುಗಿಸಬಹುದಿತ್ತು. ನಾವು ಕೈಹಾಕಿರುವುದು ಸಭೆಯ ರೂಢಿಗಳಿಗೆ, ಅಂದರೆ ಯಾರು ಯಾರನ್ನು ಮಾತನಾಡಿಸುತ್ತಾರೆ, ಯಾರ ಕಾಣಿಕೆಯನ್ನು ಗಟ್ಟಿಯಾಗಿ ಓದುತ್ತಾರೆ, ಊಟದ ಪಂಕ್ತಿಯಲ್ಲಿ ಯಾರು ಕೊನೆಗೆ ಉಳಿಯುತ್ತಾರೆ ಎಂಬಂತಹವುಗಳಿಗೆ. ಬೋಧನೆಯಲ್ಲಿ ನಮಗೆ ಕೊರತೆಯಿಲ್ಲ. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತು, ಹೂಣಲ್ಪಟ್ಟು, ಮೂರನೆಯ ದಿನ ಎದ್ದನೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಸಾರವಾಗಿ ಹೇಳಿದ ಸುವಾರ್ತೆಯನ್ನು ನಮ್ಮ ಸಂಡೇ ಸ್ಕೂಲಿನ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಕೃಪೆಯಿಂದಲೇ ರಕ್ಷಣೆ ಎಂಬ ಪ್ರಸಂಗವನ್ನು ಕೇಳಿದ ಹೊಸಬನೊಬ್ಬನು, ಆರಾಧನೆ ಮುಗಿದ ಅರ್ಧ ಗಂಟೆಯೊಳಗೆ, ಇಲ್ಲಿ ಮನ್ನಣೆ ಸಿಗುವುದು ಮನೆತನ, ಹುದ್ದೆ ಮತ್ತು ಕಾಣಿಕೆಯ ಮೊತ್ತದಿಂದ ಎಂದು ತಾನೇ ಕಂಡುಕೊಂಡರೆ, ಎರಡನೆಯ ಪಾಠವೇ ಅವನ ಮನಸ್ಸಿನಲ್ಲಿ ನಿಲ್ಲುತ್ತದೆ.

ಪಂಕ್ತಿ

ಸಭಾಪಾಲಕರು ಈ ಕೆಲಸಕ್ಕೆ ಆಧಾರವಾಗಿ ಆರಿಸಿಕೊಂಡದ್ದು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ. ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ, ಕೂತು ಉಣ್ಣುತ್ತಿದ್ದ ಪೇತ್ರನು, ಯೆರೂಸಲೇಮಿನಿಂದ ಅಲ್ಲಿಯ ಸಭೆಯ ಮುಖ್ಯನಾದ ಯಾಕೋಬನ ಕಡೆಯ ಯೆಹೂದ್ಯರು ಬಂದ ಮೇಲೆ ಅವರಿಗೆ ಹೆದರಿ ಹಿಂದೆ ಸರಿದು ಬೇರೆಯಾದಾಗ, ಪೌಲನು ಎಲ್ಲರ ಎದುರಿಗೇ ಅವನನ್ನು ತಡೆದನು. ಅಲ್ಲಿ ಪೇತ್ರನು ಸಿದ್ಧಾಂತದ ಒಂದಕ್ಷರವನ್ನೂ ಅಲ್ಲಗಳೆದಿರಲಿಲ್ಲ. ಎದ್ದು ಬೇರೆ ಪಂಕ್ತಿಗೆ ಹೋಗಿದ್ದನು, ಅಷ್ಟೇ. ಅದನ್ನು ಪೌಲನು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯದ ನಡತೆ ಎಂದು ಕರೆದನು. ಪಂಕ್ತಿಭೇದವೆಂದರೇನು ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲವಾದ್ದರಿಂದ, ಈ ಅಧ್ಯಾಯವನ್ನು ಓದಿದ ಭಾನುವಾರ ಸಭೆಯಲ್ಲಿ ಒಂದಿಷ್ಟು ಹೊತ್ತು ಯಾರೂ ಮಾತನಾಡಲಿಲ್ಲ.

ತಿಂಗಳಿಗೊಮ್ಮೆ ನಡೆಯುವ ಪ್ರೀತಿಭೋಜನದಲ್ಲಿ ಪಟ್ಟಣದ ಹಳೆಯ ಕುಟುಂಬಗಳು ಮೊದಲ ಪಂಕ್ತಿಗೆ, ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಎರಡನೆಯದಕ್ಕೆ, ಅಡುಗೆ ಮಾಡಿದ ಹೆಂಗಸರು ತಳ ಹಿಡಿದ ಸಾರಿಗೆ ಎಂಬುದು ಯಾರೂ ಬರೆದಿಡದ ನಿಯಮವಾಗಿತ್ತು. ಈಗ ಬಸ್ಸು ಹಿಡಿಯಬೇಕಾದವರು ಮತ್ತು ಅಡುಗೆಯವರು ಮೊದಲು ಕೂರುತ್ತಾರೆ, ಸಭಾ ಹಿರಿಯರು ಬಡಿಸುತ್ತಾರೆ. ಮುದ್ದೆ ಬಡಿಸಲು ಬಾರದ ಹಿರಿಯರೊಬ್ಬರನ್ನು ನೋಡಿ ಮಕ್ಕಳು ನಕ್ಕರು. ಅದರಿಂದ ನಷ್ಟವೇನೂ ಆಗಲಿಲ್ಲ. ಎರಡು ಕುಟುಂಬಗಳು ಮಾತ್ರ ಆ ದಿನ ಊಟಕ್ಕೆ ನಿಲ್ಲದೆ ಮನೆಗೆ ಹೋಗುತ್ತಿವೆ. ಕಾರಣವನ್ನು ಅವರೂ ಹೇಳಿಲ್ಲ, ನಾವೂ ಒತ್ತಾಯಿಸಿ ಕೇಳಿಲ್ಲ.

ಸಮಾಧಾನದ ಕೈ

ಹೆಚ್ಚು ಶ್ರಮ ಬೇಡಿದ್ದು ಇದು. ಹಳೆಯ ಮೈಸೂರು ಸಂಸ್ಥಾನದಲ್ಲಿ ಜಾನ್ ವೆಸ್ಲಿಯ ಮೆಥೊಡಿಸ್ಟ್ ಪರಂಪರೆಯ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಸೇರಿದವು. ಆ ಸಭೆ 1950ರಲ್ಲಿ ರೂಪಿಸಿದ ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಸಂಸ್ಕಾರದ, ಆರಾಧನಾ ಕ್ರಮದಲ್ಲಿ ಸಮಾಧಾನವನ್ನು, ಅಂದರೆ ಒಬ್ಬರಿಗೊಬ್ಬರು ಕೋರುವ ಶಾಂತಿಯನ್ನು, ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ: ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ಸೇರಿಸುತ್ತಾನೆ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಪರಂಪರೆಯಿಂದ ಬಂದ ಈ ರೂಢಿಯನ್ನು ಮುಂದೆ ಬೇರೆ ದೇಶಗಳ ಸಭೆಗಳೂ ಗಮನಿಸಿ ತಮ್ಮ ಆರಾಧನೆಯಲ್ಲಿ ಸಮಾಧಾನಕ್ಕೆ ಮತ್ತೆ ಜಾಗ ಕೊಟ್ಟವು. ನಮ್ಮಲ್ಲಾದರೋ ಅದು ಪಕ್ಕದ ಬೆಂಚಿನವರಿಗೆ ಕೈ ಮುಟ್ಟಿಸಿ ಕೂರುವ ಶಾಸ್ತ್ರವಾಗಿ ಉಳಿದಿತ್ತು. ಮಾತು ಬಿಟ್ಟವರು ಬೇರೆ ಬೇರೆ ಸಾಲುಗಳಲ್ಲಿ ಕೂರುವ ಜಾಣತನವನ್ನು ಬಹಳ ಹಿಂದೆಯೇ ಕಲಿತಿದ್ದರು.

ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗಬೇಕೆಂದು ಮತ್ತಾಯನ 5ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಮಾತನ್ನು ಆಧರಿಸಿ, ಕರ್ತನ ಭೋಜನದ ಸಂಸ್ಕಾರದ ಹಿಂದಿನ ಶುಕ್ರವಾರ ಸಂಜೆಯನ್ನು ಇದಕ್ಕಾಗಿಯೇ ಮೀಸಲಿಟ್ಟೆವು. ಅಂದು ಭಾಷಣವಿಲ್ಲ. ಕೀರ್ತನೆ 51ನ್ನು ಓದುತ್ತೇವೆ, ಪಾಪದ ಅರಿಕೆಯ ಪ್ರಾರ್ಥನೆ ಮಾಡುತ್ತೇವೆ, ಬಳಿಕ ಯಾರು ಯಾರನ್ನು ಕಾಣಬೇಕೋ ಅವರು ಹೋಗಿ ಕಾಣುವುದಕ್ಕೆ ಸಮಯ ಬಿಡುತ್ತೇವೆ. ಮೊದಮೊದಲು ಬಂದವರೆಲ್ಲರೂ ಪ್ರಾರ್ಥಿಸಿ ಹೊರಟುಬಿಟ್ಟರು. ನಾಲೆ ನೀರಿನ ಸರದಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಒಂದು ಶುಕ್ರವಾರ ಅಂಗಳದ ಹೊಂಗೆಮರದ ಕೆಳಗೆ ಬಹಳ ಹೊತ್ತು ನಿಂತು ಮಾತನಾಡಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಅವರ ಸರದಿಯ ಜಗಳ ಪೂರ್ತಿ ಬಗೆಹರಿದಿಲ್ಲ. ಆದರೆ ಈಗ ಅದನ್ನು ಕೂತು ಮಾತನಾಡುತ್ತಾರೆ. ಕ್ಷಮೆಯನ್ನು ಯಾರ ಮೇಲೂ ಹೇರಬಾರದೆಂಬುದನ್ನು ಆರಂಭದಲ್ಲೇ ನಿಶ್ಚಯಿಸಿಕೊಂಡಿದ್ದೆವು. ಗಂಡನಿಂದ ಹೊಡೆತ ತಿಂದವಳಿಗೆ ಸಮಾಧಾನದ ಕೈ ಚಾಚು ಎಂದು ಹೇಳುವ ಸಭೆ ಸುವಾರ್ತೆಯ ಹೆಸರಿನಲ್ಲಿ ಅನ್ಯಾಯವನ್ನು ಮುಚ್ಚಿಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂತಹ ಸಂದರ್ಭದಲ್ಲಿ ಮೊದಲು ಆಕೆಯ ರಕ್ಷಣೆ, ಅಗತ್ಯವಿದ್ದರೆ ಕಾನೂನಿನ ನೆರವು, ಉಳಿದದ್ದು ಆಮೇಲೆ.

ಮನೆ ಗುಂಪುಗಳು

ಸಭೆಯವರನ್ನು ಚಿಕ್ಕ ಗುಂಪುಗಳಾಗಿ ಮಾಡಿ, ಗುಂಪಿನ ನಾಯಕರು ಮನೆಗೆ ಹೋಗಿ ಕ್ಷೇಮ ವಿಚಾರಿಸುವ ಏರ್ಪಾಡಿದು. ಇದಕ್ಕೆ ಮಾದರಿ ನಮ್ಮ ವೆಸ್ಲಿಯನ್ ಮೂಲದಲ್ಲೇ ಸಿಕ್ಕಿತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಸಭಾಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಒಬ್ಬೊಬ್ಬರಿಂದ ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ಹಣ ಕೊಡಲಾಗದ ಬಡವರ ಪಾಲನ್ನು ಗುಂಪಿನ ನಾಯಕನೇ ತುಂಬಿದರಾಯಿತು ಎಂಬ ಸೂಚನೆಯೂ ಅದರಲ್ಲಿತ್ತು. ಹಣಕ್ಕಾಗಿ ಮನೆಮನೆಗೆ ಹೋದ ನಾಯಕರಿಗೆ ಅಲ್ಲಿಯ ಕುಡಿತ, ಜಗಳ, ಸಂಕಟಗಳೆಲ್ಲ ಕಣ್ಣಿಗೆ ಬಿದ್ದವು. ಜಾನ್ ವೆಸ್ಲಿ ಆ ವಸೂಲಿಯ ಏರ್ಪಾಡನ್ನೇ ಆತ್ಮಗಳ ಪಾಲನೆಗೆ ಬಳಸಿಕೊಂಡರು. ನಮ್ಮಲ್ಲಿ ಸಭಾ ಚಂದಾ ಕೇಳಲು ಮನೆಗೆ ಬರುವ ಪದ್ಧತಿ ಉಳಿದುಕೊಂಡು, ಕ್ಷೇಮ ವಿಚಾರಿಸುವ ಪದ್ಧತಿ ನಿಂತುಹೋಗಿತ್ತು. ಈಗ ಗುಂಪಿನ ನಾಯಕರು ರಸೀದಿ ಪುಸ್ತಕವನ್ನು ಒಯ್ಯುವುದಿಲ್ಲ. ಸದ್ಯಕ್ಕೆ ಪಟ್ಟಣದ ಗುಂಪುಗಳು ಚೆನ್ನಾಗಿ ನಡೆಯುತ್ತಿವೆ. ಹಳ್ಳಿಯ ಗುಂಪು ಕಬ್ಬು ಕಡಿಯುವ ಕಾಲದಲ್ಲಿ ನಿಂತಿದೆ.

ಸುಗ್ಗಿ ಹಬ್ಬದ ಹರಾಜು

ಹಬ್ಬದ ದಿನ ಕಬ್ಬಿನ ಜಲ್ಲೆ, ತೆಂಗಿನಕಾಯಿ, ಬಾಳೆಗೊನೆ, ಅಚ್ಚುಬೆಲ್ಲ, ನಾಟಿ ಕೋಳಿ ಎಲ್ಲವೂ ಹರಾಜಿಗೆ ಬರುತ್ತವೆ. ಹರಾಜು ಸಂತೋಷದ ವಿಷಯವೇ. ಅದನ್ನು ನಿಲ್ಲಿಸುವ ಯೋಚನೆ ಯಾರಿಗೂ ಇರಲಿಲ್ಲ. ಹೆಚ್ಚು ಕೂಗಿದವರ ಹೆಸರನ್ನು ಮೈಕಿನಲ್ಲಿ ಮತ್ತೆ ಮತ್ತೆ ಹೇಳುವುದನ್ನು ಮಾತ್ರ ಬಿಡೋಣವೆಂದು ಕೇಳಿದೆವು, ಏಕೆಂದರೆ ಬಂಗಾರದ ಉಂಗುರದವನಿಗೆ ಒಳ್ಳೆಯ ಪೀಠ ಕೊಟ್ಟು ಬಡವನಿಗೆ ನಿಂತುಕೋ ಎನ್ನುವುದನ್ನು ಯಾಕೋಬನ ಪತ್ರದ ಎರಡನೆಯ ಅಧ್ಯಾಯ ನೇರವಾಗಿ ಖಂಡಿಸುತ್ತದೆ. ವಸೂಲಿ ಕುಸಿಯುತ್ತದೆಂದು ಖಜಾಂಚಿಯವರು ಎಚ್ಚರಿಸಿದರು. ಹೋದ ವರ್ಷಕ್ಕಿಂತ ಕಡಿಮೆಯಾದದ್ದೂ ನಿಜ. ಆದರೆ ಎಂದೂ ಬಾಯಿ ತೆರೆಯದ ಕೂಲಿ ಹೆಂಗಸರು ಈ ಸಲ ಅವರೇಕಾಯಿ ರಾಶಿಗೆ, ಕುಂಬಳಕಾಯಿಗೆ ನಗುನಗುತ್ತ ಕೂಗಿದರು. ಆ ನಷ್ಟ ಒಪ್ಪತಕ್ಕದ್ದೆಂದು ನನಗನ್ನಿಸುತ್ತದೆ. ಸುಣ್ಣಬಣ್ಣದ ಬಿಲ್ಲು ಕೈಯಲ್ಲಿರುವ ಖಜಾಂಚಿಯವರಿಗೆ ಹಾಗೆ ಅನ್ನಿಸದಿರುವುದೂ ಸಹಜ.

ಮುಂದಿನ ಕೆಲಸ

ವಾರ್ಷಿಕ ವರದಿ ಪುಸ್ತಕದಲ್ಲಿ ಕಾಣಿಕೆ ಕೊಟ್ಟವರ ಹೆಸರಿನ ಎದುರು ಮೊತ್ತವನ್ನು ಅಚ್ಚುಹಾಕುವುದನ್ನು ಬಿಡಬೇಕೆಂಬ ಸಲಹೆ ಈಗ ಕಮಿಟಿಯ ಮುಂದಿದೆ. ಲೆಕ್ಕ ಮುಚ್ಚಿಡುತ್ತಾರೆಂಬ ಅನುಮಾನಕ್ಕೆ ಎಡೆಯಾಗದಂತೆ, ಒಟ್ಟು ಆದಾಯ ಮತ್ತು ಖರ್ಚನ್ನು ಪೂರ್ತಿ ಅಚ್ಚುಹಾಕಿ, ಒಬ್ಬೊಬ್ಬರ ಮೊತ್ತವನ್ನು ಅವರವರ ರಸೀದಿಗೆ ಮಾತ್ರ ಬಿಡುವ ಕರಡನ್ನು ಸಿದ್ಧಪಡಿಸಿದ್ದೇವೆ. ಲೆಕ್ಕ ಪರಿಶೋಧಕರ ಒಪ್ಪಿಗೆ ಸಿಕ್ಕಿದರೆ ಅದು ಏಪ್ರಿಲ್ ತಿಂಗಳ ಸಾಮಾನ್ಯ ಸಭೆಯ ಮತಕ್ಕೆ ಬರುತ್ತದೆ.