ಡೋಂಟ್ ಎನ್ನುವಲ್ಲಿ ಡು ನಾಟ್ ಎಂದರೆ

ತುಮಕೂರಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ಇಂಗ್ಲಿಷನ್ನು ವ್ಯಾಕರಣದ ಪುಸ್ತಕದಿಂದಲೇ ಕಲಿತು, ಈಗ ಬ್ರಿಟನ್ನಿಗೆ ಹೊರಡಲು ವೀಸಾ ಕಾಯುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿರುವ ನನಗೆ ಆಗಾಗ ಫೋನು ಮಾಡುತ್ತಾರೆ. ಬಾಡಿಗೆ, ಚಳಿ, ಸೋನಾ ಮಸೂರಿ ಸಿಗುತ್ತದೆಯೋ ಇಲ್ಲವೋ ಎಂಬುದೆಲ್ಲ ಮುಗಿದ ಮೇಲೆ ಅಲ್ಲಿಯವರ ಮಾತು ಅರ್ಥವಾಗುತ್ತದೆಯೇ ಎಂದು ಕೇಳುತ್ತಾರೆ. ದೊಡ್ಡ ಪದಗಳನ್ನು ಕುರಿತು ಭಯಪಡಬೇಕಾಗಿಲ್ಲ. ನಮ್ಮವರನ್ನು ಕಾಡುವುದು ಆಮ್, ಈಸ್, ಹ್ಯಾವ್, ವಿಲ್, ವುಡ್ ಎಂಬ ದಿನಬಳಕೆಯ ಕ್ರಿಯಾಪದಗಳೇ. ಏಕೆಂದರೆ ಇಲ್ಲಿಯ ಜನ ಅವುಗಳನ್ನು ಪೂರ್ತಿಯಾಗಿ ಉಚ್ಚರಿಸುವುದೇ ಅಪರೂಪ: ‘ಐ ಆಮ್’ ಕುಗ್ಗಿ ‘ಐಮ್’ ಆಗುತ್ತದೆ, ‘ಡು ನಾಟ್’ ಕುಗ್ಗಿ ‘ಡೋಂಟ್’ ಆಗುತ್ತದೆ.

ನಮ್ಮ ಶಾಲೆಗಳಲ್ಲಿ ಬಿಡಿಸಿ ಹೇಳುವುದೇ ಶುದ್ಧ, ಅದೇ ಮರ್ಯಾದೆ ಎಂದು ಕಲಿಸುತ್ತಾರೆ. ಬರವಣಿಗೆಯ ಮಟ್ಟಿಗೆ ಅದು ಸರಿಯಾದರೂ ಮಾತಿನಲ್ಲಿ ಪರಿಣಾಮ ಬೇರೆಯೇ ಆಗುತ್ತದೆ. ಕುಣಿಗಲ್ ಕಡೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಕ್ಯಾಂಟೀನಿನಲ್ಲಿ ಬಡಿಸುವಾಕೆಗೆ ಅತ್ಯಂತ ವಿನಯದಿಂದ, ಒಂದೊಂದು ಪದವನ್ನೂ ಬಿಡಿಸಿ, ‘ಐ ಡು ನಾಟ್ ಈಟ್ ಮೀಟ್’ ಎಂದಳು. ಆಕೆ ಸೌಟನ್ನು ಅಲ್ಲಿಯೇ ನಿಲ್ಲಿಸಿ, ಮುಖ ಕೆಂಪು ಮಾಡಿಕೊಂಡು, ಎರಡೆರಡು ಸಲ ಕ್ಷಮೆ ಕೇಳಿದಳು. ಇಂಗ್ಲಿಷ್ ಮಾತಿನಲ್ಲಿ ‘ಡೋಂಟ್’ ಎನ್ನಬೇಕಾದ ಕಡೆ ‘ಡು ನಾಟ್’ ಎಂದು ಒತ್ತಿ ಹೇಳಿದರೆ ಅದು ಗದರಿಕೆಯಂತೆಯೋ ಪ್ರತಿಜ್ಞೆಯಂತೆಯೋ ಕೇಳಿಸುತ್ತದೆ. ತುಮಕೂರಿನ ಮನೆಯಲ್ಲಿ ‘ಮದುವೆಗೆ ಬರ್ತೀಯಾ’ ಎಂದು ಕೇಳಿದಾಗ ಅಕ್ಕ ‘ಬರಲ್ಲ’ ಎಂದರೆ ಅವಳಿಗೆ ಬೇರೆ ಕೆಲಸವಿದೆ ಎಂದುಕೊಳ್ಳುತ್ತೇವೆ. ‘ನಾನು ಬರುವುದಿಲ್ಲ’ ಎಂದು ಬಿಡಿಸಿ ಹೇಳಿದರೆ ಯಾರ ಮೇಲೆ ಮುನಿಸು ಎಂದು ವಿಚಾರಿಸಲು ಹೊರಡುತ್ತೇವೆ.

ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ. ಪದವಿ ಓದುವವರಿಗೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಲು ವೀಸಾದಲ್ಲಿ ಅವಕಾಶವಿರುವುದರಿಂದ ಬಹಳಷ್ಟು ಮಂದಿ ಅಂಗಡಿ, ಹೋಟೆಲುಗಳಲ್ಲಿ ಸೇರುತ್ತಾರೆ. ಅಲ್ಲಿ ಪಾಳಿ ನಿಗದಿಯಾಗುವುದು ಹೆಚ್ಚಾಗಿ ಫೋನಿನಲ್ಲಿ. ಶನಿವಾರ ಬರಬಹುದು (‘ಕ್ಯಾನ್’) ಎಂದರೋ ಬರುವಂತಿಲ್ಲ (‘ಕಾಂಟ್’) ಎಂದರೋ ತಿಳಿಯಬೇಕಾದರೆ ಕೊನೆಯ ‘ಟ್’ ಶಬ್ದಕ್ಕೆ ಕಾದು ಕೂರಬಾರದು. ಗ್ಲಾಸ್ಗೋದಲ್ಲಂತೂ ಆ ‘ಟ್’ ಗಂಟಲಿನಲ್ಲಿಯೇ ಕಡಿದುಹೋಗುತ್ತದೆ. ಗಮನವಿಡಬೇಕಾದದ್ದು ಸ್ವರದ ಮೇಲೆ: ‘ಕ್ಯಾನ್’ ಎಂಬುದು ವಾಕ್ಯದ ನಡುವೆ ಬಂದಾಗ ಸಾಮಾನ್ಯವಾಗಿ ತೇಲಿ ‘ಕನ್’ ಆಗುತ್ತದೆ, ‘ಕಾಂಟ್’ ಎಂಬುದರಲ್ಲಿ ಮಾತ್ರ ಸ್ವರ ತುಂಬಿ, ಒತ್ತು ಪಡೆದು ಬರುತ್ತದೆ.

ಇನ್ನೊಂದು ತೊಡಕು ‘ಐಡ್’. ಇದು ‘ಐ ಹ್ಯಾಡ್’ ಕೂಡ ಹೌದು, ‘ಐ ವುಡ್’ ಕೂಡ ಹೌದು. ಯಾವುದೆಂದು ತಿಳಿಯುವುದು ಮುಂದಿನ ಕ್ರಿಯಾಪದದಿಂದ. ‘ಐಡ್ ಗಾನ್’ ಎಂದರೆ ಹೋಗಿದ್ದೆ, ‘ಐಡ್ ಗೋ’ ಎಂದರೆ ಹೋಗುತ್ತಿದ್ದೆ ಅಥವಾ ಹೋದೇನು. ‘ಯೂಡ್ ಬೆಟರ್ ಗೋ’ ಎಂಬಲ್ಲಿ ಆ ‘ಡ್’ ಎಷ್ಟು ಕ್ಷೀಣವೆಂದರೆ, ಅದು ‘ಹ್ಯಾಡ್’ ಎಂದು ಹೇಳಿದರೆ ನಮ್ಮವರು ನಂಬುವುದೇ ಇಲ್ಲ. ‘ಶುಡ್ ಹ್ಯಾವ್’ ಕುಗ್ಗಿ ‘ಶುಡವ್’ ಆಗಿರುವುದರಿಂದ ಇಲ್ಲಿಯೇ ಹುಟ್ಟಿ ಬೆಳೆದವರಲ್ಲಿ ಕೆಲವರು ಅದನ್ನು ‘ಶುಡ್ ಆಫ್’ ಎಂದು ಬರೆದುಬಿಡುತ್ತಾರೆ. ವ್ಯಾಕರಣ ಅರೆದು ಕುಡಿದ ನಮ್ಮ ಮಕ್ಕಳು ಆ ತಪ್ಪನ್ನು ಮಾಡುವುದು ಕಡಿಮೆ. ‘ವಿಲ್ ನಾಟ್’ ಹೇಗೆ ‘ವೋಂಟ್’ ಆಯಿತೆಂದು ಕೇಳುವವರಿಗೆ ಒಂದು ಮಾತು: ಹಳೆಯ ಇಂಗ್ಲಿಷಿನ ನಂತರದ ಕಾಲದಲ್ಲಿ ‘ವಿಲ್’ ಜೊತೆಗೆ ‘ವೋಲ್’ ಎಂಬ ರೂಪವೂ ಇತ್ತು, ಅದು ಮರೆಯಾದರೂ ‘ವೋಂಟ್’ ಉಳಿದುಕೊಂಡಿತು.

ಹಾಗೆಂದು ಎಲ್ಲೆಡೆ ಕುಗ್ಗಿಸುವಂತಿಲ್ಲ. ‘ಆರ್ ಯೂ ರೆಡಿ’ ಎಂದರೆ ‘ಯೆಸ್, ಐ ಆಮ್’ ಎಂದೇ ಉತ್ತರಿಸಬೇಕು. ‘ಯೆಸ್, ಐಮ್’ ಎಂದು ನಿಲ್ಲಿಸಿದರೆ ಕೇಳಿದವರು ಮುಂದಿನ ಪದಕ್ಕಾಗಿ ಕಾಯುತ್ತಾರೆ. ‘ನೋ, ಐಮ್ ನಾಟ್’ ಎನ್ನಲು ಅಡ್ಡಿಯಿಲ್ಲ. ಉದ್ಯೋಗದ ಅರ್ಜಿ, ಮನೆಮಾಲೀಕರಿಗೆ ಬರೆಯುವ ದೂರು, ಪ್ರಬಂಧ ಇವುಗಳಲ್ಲಿ ಶಾಲೆಯ ಪಾಠವನ್ನೇ ಅನುಸರಿಸುವುದು ಕ್ಷೇಮ. ಬ್ರಿಟನ್ ಸರ್ಕಾರವು ತನ್ನ ಜಾಲತಾಣಕ್ಕೆ ಬರೆಯುವ ಸಿಬ್ಬಂದಿಗೆ ಕೊಟ್ಟಿರುವ ಸೂಚನೆಯೇ ‘ಕಾಂಟ್’, ‘ಡೋಂಟ್’ಗಳನ್ನು ಬಳಸಬೇಡಿ ಎನ್ನುತ್ತದೆ: ಓದುವವರಲ್ಲಿ ಹಲವರು ಅವನ್ನು ಎಡವಿ, ವಿರುದ್ಧಾರ್ಥದಲ್ಲಿ ಓದಿಕೊಳ್ಳುತ್ತಾರಂತೆ. ಕಾಗದದ ಮೇಲೆ ಇಲ್ಲಿಯವರಿಗೇ ತಪ್ಪುವುದಾದರೆ, ಫೋನಿನಲ್ಲಿ ನಮ್ಮ ಹುಡುಗರು ‘ಇನ್ನೊಮ್ಮೆ ಹೇಳಿ’ ಎಂದು ಕೇಳಲು ಏಕೆ ನಾಚಬೇಕೋ ನನಗೆ ತಿಳಿಯದು.

ಸ್ಕಾಟ್ಲೆಂಡಿಗೆ ಬರುವವರಿಗೆ ಇನ್ನೂ ಒಂದು ವಿಷಯ. ಇಲ್ಲಿ ‘ಐ ವೋಂಟ್ ಗೋ’ ಬದಲು ‘ಐಲ್ ನಾಟ್ ಗೋ’ ಎನ್ನುವವರಿದ್ದಾರೆ, ‘ಆಮ್ ಐ ನಾಟ್’ ಎಂಬುದನ್ನು ಕುಗ್ಗಿಸಿ ‘ಆಮಂಟ್ ಐ’ ಎನ್ನುವವರೂ ಇದ್ದಾರೆ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ‘ಕಾಂಟ್’ ಹೋಗಿ ‘ಕ್ಯಾನೆ’, ‘ಡೋಂಟ್’ ಹೋಗಿ ‘ಡಿನೆ’ ಆಗುತ್ತದೆ. ಕೊನೆಯಲ್ಲಿ ಸ್ವರವಿರುವುದರಿಂದ ಇವು ನಮ್ಮ ಕಿವಿಗೆ ಲಂಡನ್ನಿನವರ ಮಾತಿಗಿಂತ ಬೇಗ ಸಿಗುತ್ತವೆ. ಕೇಳಿ ಅರ್ಥಮಾಡಿಕೊಂಡರೆ ಸಾಕು. ಸಂದರ್ಶನಕ್ಕೆ ಹೋಗಿ ‘ಐ ಕ್ಯಾನೆ’ ಎನ್ನುವ ಹುಮ್ಮಸ್ಸು ಬೇಡ.