ಎಚ್‌ಸಿಜಿ ತುಣುಕು, ಬೆಳೆಯುವ ಮೋನೊಸೈಟ್: ದಾವಣಗೆರೆ ಬೆಂಚಿನಿಂದ ಪ್ರಗತಿ

ಗರ್ಭಾವಸ್ಥೆಯ ಎಚ್‌ಸಿಜಿ ಹಾರ್ಮೋನಿನ ಬೀಟಾ ಸರಪಳಿಯಲ್ಲಿ 145 ಅಮೈನೊ ಆಮ್ಲಗಳಿವೆ. 44–45 ಮತ್ತು 47–48ನೇ ಆಮ್ಲಗಳ ನಡುವಿನ ಕೊಂಡಿಗಳು ಸುಲಭವಾಗಿ ಕಡಿಯುತ್ತವೆ. ಪರೀಕ್ಷೆಗೆ ಆರಿಸಿದ, ನಾಲ್ಕೇ ಅಮೈನೊ ಆಮ್ಲಗಳ ಪುಟ್ಟ ಸರವಾದ ಎಲ್‌ಕ್ಯೂಜಿವಿ ಪೆಪ್ಟೈಡ್ ಇರುವುದು 45ರಿಂದ 48ರವರೆಗೆ. ಎರಡನೇ ಕೊಂಡಿ ಕಡಿದರೆ ಈ ಪೆಪ್ಟೈಡೇ ಎರಡು ತುಂಡು. ರಕ್ತದ ಬಿಳಿಕಣವಾದ ಮೋನೊಸೈಟ್, ರೋಗಾಣು ನುಂಗುವ ಮ್ಯಾಕ್ರೋಫೇಜ್ ಆಗುವ ಹೊತ್ತಿನಲ್ಲಿ ಈ ತುಣುಕು ಸಿಕ್ಕರೆ ಕೋಶದ ಉರಿಯೂತ ಸ್ವಭಾವ ಬದಲಾಗುತ್ತದೆಯೇ ಎಂಬುದು ಪ್ರಶ್ನೆ. ಔಷಧದಂಗಡಿಯ ಮೂತ್ರಮೂಲದ ಇಂಜೆಕ್ಷನ್ ಬಳಸಿಲ್ಲ; ಅದರಲ್ಲಿ ಬೇರೆ ಪ್ರೋಟೀನುಗಳೂ ಬೆರೆತಿರುತ್ತವೆ.

ಮೊದಲ ತೊಡಕು ತೂಕದ್ದು. ಪೆಪ್ಟೈಡಿನ ಅಣುತೂಕ 415.5; ಆದರೆ ಸೀಸೆಯಲ್ಲಿ ಬರುವುದು ಅದರ ಟಿಎಫ್‌ಎ (ಟ್ರೈಫ್ಲೋರೋಅಸಿಟಿಕ್ ಆಮ್ಲ) ಲವಣ, 529.5. ಹಾಗಾಗಿ 1 ಮಿ.ಗ್ರಾಂಗೆ 241 ಅಲ್ಲ, 189 ಮೈಕ್ರೊಲೀಟರ್ ನೀರು ಹಾಕಿದರೆ 10 ಮಿಲಿಮೋಲಾರ್ ದ್ರಾವಣ ಬರುತ್ತದೆ. ಫ್ರೀಜರಿನಿಂದ ತೆಗೆದ ಸೀಸೆಯನ್ನು ಕೋಣೆಯ ಶಾಖಕ್ಕೆ ಬರುವ ಮೊದಲೇ ತೆರೆದರೆ ಪುಡಿ ತೇವ ಎಳೆದುಕೊಂಡು ಗೋಡೆಗೆ ಅಂಟುತ್ತದೆ.

ಟಿಎಚ್‌ಪಿ-1 ಕೋಶಗಳು (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಮೋನೊಸೈಟ್ ತಳಿ) ಆರ್‌ಪಿಎಂಐ 1640 ಮಾಧ್ಯಮ, ಶೇ 10 ಸೀರಂ, 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡಿನಲ್ಲಿ. ಮಿ.ಲೀ.ಗೆ 10 ಲಕ್ಷ ಕೋಶ ದಾಟಲು ಬಿಡಬಾರದು. ಮ್ಯಾಕ್ರೋಫೇಜ್ ಮಾಡಲು ಪಿಎಂಎ ಎಂಬ ರಾಸಾಯನಿಕವನ್ನು ಮಿ.ಲೀ.ಗೆ 100 ನ್ಯಾನೊಗ್ರಾಂ ಹಾಕುವ ರೂಢಿಯಿದೆ. ಆ ಏಟಿನ ಮುಂದೆ ಪೆಪ್ಟೈಡಿನ ಮೆಲ್ಲನೆಯ ಪರಿಣಾಮ ಕಾಣದು. 10–25 ಸಾಕು: 48 ಗಂಟೆ, ನಂತರ ತೊಳೆದು 24 ಗಂಟೆ ವಿಶ್ರಾಂತಿ. ಸೀರಂನ ಪೆಪ್ಟಿಡೇಸ್‌ಗಳು ಪುಟ್ಟ ಸರವನ್ನು ಕತ್ತರಿಸುವುದರಿಂದ ಪೆಪ್ಟೈಡನ್ನು ದಿನಕ್ಕೊಮ್ಮೆ ಹೊಸದಾಗಿ ಹಾಕಬೇಕು.

ನಿಜವಾದ ಶತ್ರು ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾ ಗೋಡೆಯ ವಿಷ. ಮಿ.ಲೀ.ಗೆ ನ್ಯಾನೊಗ್ರಾಂ ಮಟ್ಟದಲ್ಲಿ ಇದ್ದರೂ ಮ್ಯಾಕ್ರೋಫೇಜ್ ಉರಿಯೂತದ ಸಂಕೇತವಾದ ಟಿಎನ್‌ಎಫ್ ಪ್ರೋಟೀನನ್ನು ಉಗುಳುತ್ತದೆ, ನಾವು ಅದನ್ನು ಹಾರ್ಮೋನಿನ ಮಹಿಮೆ ಎಂದುಕೊಳ್ಳುತ್ತೇವೆ. ಆಟೋಕ್ಲೇವಿನಿಂದ ಇದು ಪೂರ್ತಿ ಹೋಗುವುದಿಲ್ಲ. ಗಾಜಿಗೆ 250 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಶಾಖ ಬೇಕು. ಪ್ರತಿ ತಟ್ಟೆಯಲ್ಲೂ ಎಂಡೋಟಾಕ್ಸಿನ್ ಅಡಗಿಸುವ ಪಾಲಿಮಿಕ್ಸಿನ್ ಬಿ ಮಿ.ಲೀ.ಗೆ 10 ಮೈಕ್ರೊಗ್ರಾಂ ಹಾಕಿದ ಬಾವಿ (ತಟ್ಟೆಯ ಗುಳಿ), ಪೆಪ್ಟೈಡ್ ಇಲ್ಲದ ಬಾವಿ, ಅದೇ ಆಮ್ಲಗಳನ್ನು ಹಿಂದುಮುಂದಾಗಿಸಿದ ವಿಜಿಕ್ಯೂಎಲ್ ಬಾವಿ ಕಡ್ಡಾಯ.

ಏಪ್ರಿಲ್ ಬಿಸಿಲಿನ ದಾವಣಗೆರೆಯಲ್ಲಿ ಮತ್ತೊಂದು ಕಾಟ: ಕರೆಂಟ್ ಹೋದರೆ ಇನ್‌ಕ್ಯುಬೇಟರ್ ತಣ್ಣಗಾಗುವುದಕ್ಕಿಂತ ಇಂಗಾಲದ ಡೈಆಕ್ಸೈಡ್ ನಿಯಂತ್ರಣ ಮೊದಲು ಕೈಕೊಡುತ್ತದೆ. ಮಾಧ್ಯಮ ನೇರಳೆಗೆ ತಿರುಗಿದರೆ ಪಿಎಚ್ ಏರಿದೆ. ಆ ತಟ್ಟೆಯ ಅಂಕಿಗಳನ್ನು ಬಿಟ್ಟುಬಿಡುವುದೇ ವಾಸಿ. ಇನ್ವರ್ಟರಿಗೆ ಮೊದಲು ಜೋಡಿಸಬೇಕಾದದ್ದು ಇನ್‌ಕ್ಯುಬೇಟರು, ಎಸಿ ಅಲ್ಲ.

ಈಗಿನ ಸ್ಥಿತಿ: ಪೆಪ್ಟೈಡ್ ಇಲ್ಲದ ಬಾವಿಗಳ ಟಿಎನ್‌ಎಫ್ ಅಳತೆ (ಎಲೈಸಾ ಪರೀಕ್ಷೆ) ಸ್ಥಿರವಾಗಿದೆ. ಮುಂದೆ ಎಲ್‌ಕ್ಯೂಜಿವಿಯನ್ನು 1, 10, 100 ಮೈಕ್ರೊಮೋಲಾರ್‌ನಲ್ಲಿ ಪಿಎಂಎ ಜತೆಗೊಮ್ಮೆ, ವಿಶ್ರಾಂತಿಯ ನಂತರ ಇನ್ನೊಮ್ಮೆ ಕೊಟ್ಟು ಹೋಲಿಸುವುದು.